ಹದಿನೇಳನೆಯ ಅಧ್ಯಾಯ

ಅಯೋವಾದ ಚಳಿ. ಬಾಡಿಗೆ ಲಾಂಡ್ರಿಯ ಯಂತ್ರದ ಮೇಲೆ
ಲ್ಯಾಪ್‌ಟಾಪಿಟ್ಟು ಮಾರ್ಲಿಸ್ ಬರೆಯುತ್ತಾಳೆ
ಬೂದಿಯ ಹುಡುಗಿಯ ಕತೆ.

ಗಾಜಿನ ಮೆಟ್ಟು ಈಗ ರಬ್ಬರ್ ಬೂಟು,
ಚರ್ಚಿನ ನೆಲಮಾಳಿಗೆಯಲ್ಲಿ, ಸೂಪಿನೂಟದ ರಾತ್ರಿ, ಬಿಟ್ಟುಹೋದದ್ದು.
ರಾಜಕುಮಾರ ದನದ ಡಾಕ್ಟರು;
ತಟ್ಟೆಯ ಮುಂದೆ ಕಣ್ಣುಮುಚ್ಚಿ ಪ್ರಾರ್ಥಿಸುವಾಗ
ಕೈಯಲ್ಲಿನ್ನೂ ಕರುವಿನ ವಾಸನೆ.
ಮುತ್ತು ಒಂದೇ, ಕೊನೆಯ ಪುಟಕ್ಕೆ:
ಪ್ರಕಾಶಕರ ಕರಾರು.

ಇಷ್ಟೆಲ್ಲ ಸಲೀಸು.
ಹಳೆಯ ಕತೆಯಲ್ಲಾದರೆ ಪಾರಿವಾಳಗಳೇ
ಕಣ್ಣು ಕುಕ್ಕಿ ಲೆಕ್ಕ ಚುಕ್ತಾ ಮಾಡುತ್ತಿದ್ದವು.
ಇಲ್ಲಿ ಮಲತಾಯಿಯನ್ನು ಕ್ಷಮಿಸಬೇಕು.

ಕ್ಷಮಿಸಿದಳು, ಎಂದು ಬರೆದಳು. ಅಳಿಸಿದಳು.

ಡೋರ್ಥಿಯಾಳ ಫೋನು, ಈ ವಾರ ಮೂರನೆಯ ಸಲ.
ಅಮ್ಮನ ಹೊಲಿಗೆ ಯಂತ್ರ ಮಾರಿದವಳು.
ಎತ್ತಲಿಲ್ಲ.

ಹನ್ನೆರಡಾಯಿತು. ಯಾವುದೂ ಕುಂಬಳಕಾಯಿ ಆಗಲಿಲ್ಲ.
ಯಂತ್ರ ನಿಂತಿತು. ಮುಟ್ಟಿ ನೋಡಿದಳು,
ಬಟ್ಟೆ ಇನ್ನೂ ಹಸಿ.
ಇನ್ನೊಂದು ನಾಣ್ಯ ಹಾಕಿದಳು.