ವಿಲ್ಮಟ್ ಟ್ರೆಜೈಸಳ ವಯಸ್ಸು

ಮೊದಲ ಕಳ್ಳತನ ಸರಕಾರದ್ದೇ.
ಸಾವಿರದ ಎಂಟುನೂರ ನಲವತ್ತೊಂದು, ಕಾರ್ನ್‌ವಾಲ್:
ದೊಡ್ಡವರ ವಯಸ್ಸು ಐದರ ಮಗ್ಗಿಗೆ ಇಳಿಸಿ ಬರೆಯಿರೆಂದು ಹುಕುಂ.
ಹದಿನೆಂಟರ ವಿಲ್ಮಟ್
ಹದಿನೈದಾದಳು. ಕಸುಬು: ತಾಮ್ರದ ಗಣಿ.

ರುಚಿ ಹತ್ತಿರಬೇಕು.
ಐವತ್ತೊಂದರಲ್ಲಿ ಇಪ್ಪತ್ತೈದು, ಗಂಡ ಜಾಬೆಜ್‌ಗೆ ಇಪ್ಪತ್ತನಾಲ್ಕು.
ಅವನು ಪಾಪ, ಹತ್ತಕ್ಕೆ ಹತ್ತು ಕೂಡಿಸಿಕೊಂಡೇ ಬಂದ;
ಇವಳು ಅರವತ್ತೊಂದಕ್ಕೆ ಮೂವತ್ತೆರಡು,
ಗಂಡನಿಗಿಂತ ಕಿರಿಯಳು!
ಎಪ್ಪತ್ತೊಂದರ ಹಾಳೆ, ಗುಮಾಸ್ತ ಎಳೆದ ಪೆನ್ಸಿಲ್ ಗೀಟಿನಡಿ
ಮೂವತ್ತೆಂಟು. ಭೂತಗನ್ನಡಿ ಹಿಡಿದೇ ಓದಿದೆ.

"ಸುಳ್ಳುಬುರುಕಿ," ನಕ್ಕಳು ತಂಗಿ ಟಾಮ್ಸಿನ್
ಟ್ರೂರೋ ಬಸ್ಸಿನಲ್ಲಿ, ಮಡಿಲಿಗೆಲ್ಲ ಪೇಸ್ಟಿಯ ಚೂರು ಉದುರಿಸುತ್ತ.
ನಾನು ಬೆರಳು ಮಡಿಚುತ್ತಿದ್ದೆ: ಹುಟ್ಟಿದ್ದು ಇಪ್ಪತ್ತಮೂರು,
ನಲವತ್ತೆಂಟರಲ್ಲಿ ಮೂವತ್ತೆಂಟು ಹೋದರೆ
ಹತ್ತು.

ಗಣಿಯ ಕೂಲಿಪುಸ್ತಕದಲ್ಲಿ ಅವಳ ಹೆಸರಿರುವುದೂ
ಒಂಬತ್ತರಿಂದ ಹತ್ತೊಂಬತ್ತು.
ಸುತ್ತಿಗೆ, ಅದಿರು, ದಿನಕ್ಕೆ ನಾಲ್ಕು ಪೆನ್ನಿ.
ಅದನ್ನೂ ಆಯುಸ್ಸು ಅಂತ ಬರೆಸಲು
ಮನಸ್ಸಾಗಲಿಲ್ಲವೇನೋ.

ಹೂಳುವ ದಿನ ಪಾದ್ರಿ ಜ್ಞಾನಸ್ನಾನದ ಪುಸ್ತಕ ತೆಗೆದು
ಅಷ್ಟನ್ನೂ ವಾಪಸು ಕೊಟ್ಟ: ಅರವತ್ತಾರು.
ಅವಳೇನೂ ಕೇಳಿರಲಿಲ್ಲ.