ಬೆನ್ನಿನ ಕಡೆಯಿಂದ

ಶೆನ್‌ಯಾಂಗಿನಲ್ಲಿ ಜನವರಿ. ಸ್ನಾನದ ಮನೆಯ ಗಾಜಿನ ಮೇಲೆ
ಹಬೆ ತಾನೇ ಏನೋ ಬರೆದು ತಾನೇ ಒರೆಸುತ್ತಿತ್ತು.
ಗಂಡಸರ ಕಡೆ ನಾನು ಹೋಗುವಂತಿಲ್ಲ.
ಚೀಟಿ ಕೊಡುವ ಮೇಜಿನ ಪಕ್ಕ ಸ್ಟೂಲು ಎಳೆದು
ಕಾಗದ ಹಾಸಿ, ಮಸಿ ತೇಯುತ್ತ
ಪಾಂಗ್ ಮೇಸ್ತ್ರಿಗೆ ಕಾದೆ.

ಮೂವತ್ತು ವರ್ಷ ಊರಿನ ಮೈ ಉಜ್ಜಿದ ಕೈ.
ಬಂದ: ಚಡ್ಡಿ, ಬನಿಯನ್ನು, ನೆನೆದು ಬಿಳಿಚಿದ ಅಂಗೈ,
ಬೆರಳ ತುದಿಗಳು ಒಣದ್ರಾಕ್ಷಿ.
"ಸುಮ್ಮನೆ ಕೂತರೆ ಸಾಕಾ? ಎಷ್ಟು ಹೊತ್ತು?"

ಮಸಿಗೆ ಐದು ಬಣ್ಣ, ಆರನೆಯದು ಕಾಗದ,
ಅಂದರೆ ಮುಟ್ಟದೆ ಬಿಟ್ಟದ್ದು. ಹಾಗಂತ ಕಲಿತದ್ದು.
ಈ ಕಾಗದ ತಪ್ಪನ್ನು ಕ್ಷಮಿಸುವುದಿಲ್ಲ,
ಬೈಯುವುದೂ ಇಲ್ಲ. ಕುಡಿಯುತ್ತದೆ.

ಹುಬ್ಬು ಬಂತು. ಮೂಗಿಗೆ ನೀರು ಹೆಚ್ಚಾಗಿ
ಕೆಳಗೆ ಹರಿದು ಮೀಸೆಯಾಯಿತು.
"ನನಗೆಲ್ಲಿ ಮೀಸೆ?" ನಕ್ಕ. ಹಾಳೆ ಮಡಚಿದೆ.
ಎರಡನೆಯದೂ ಹೋಯಿತು.
ಮೂರನೆಯದು ಬಿಡಿಸುವಾಗ ಅವನೇ ಶುರು ಮಾಡಿದ:

"ನನಗೆ ಮುಖ ಗುರುತು ಹತ್ತೋದಿಲ್ಲ ತಂಗಿ.
ಬೀದಿಯಲ್ಲಿ ಯಾರೋ 'ಊಟ ಆಯ್ತಾ ಮೇಸ್ತ್ರಿ' ಅಂತಾರೆ.
ಆಯ್ತು ಅಂತೀನಿ. ದಾಟಿ ಹೋದ ಮೇಲೆ
ಹಿಂದಿನಿಂದ ನೋಡಿ, ಓ, ಇವನಾ!
ನೀನು ಗ್ವಾನ್ ಮಗಳಲ್ಲವಾ, ವೆಲ್ಡರ್ ಗ್ವಾನ್?
ಅವನ ಮುಖ ಕೇಳಬೇಡ. ಬೆನ್ನು ಕೇಳು."

ಯಾವ ಮಗಳು ಕೇಳುತ್ತಾಳೆ?
ಅಪ್ಪ ನಮಗೆ ಎದುರಿನಿಂದಲೇ ಗೊತ್ತು:
ಬಾಗಿಲು ನೂಕಿ ಒಳಬರುವ ಕೋಟು,
ಬಟ್ಟಲ ಮೇಲೆ ಬಗ್ಗಿದ ಹಣೆ,
ಕಾರ್ಖಾನೆ ಮುಚ್ಚಿದ ವರ್ಷ
ಟೀವಿಯ ನೀಲಿ ಬಿದ್ದ ಗಲ್ಲ.
ಸತ್ತು ಮೂರು ವರ್ಷ. ಫೋಟೋ ಇಟ್ಟು ಬರೆದ ಹನ್ನೊಂದು ಮುಖವೂ
ಥೇಟ್ ಫೋಟೋದ ಹಾಗೇ ಇವೆ.

ಮೇಸ್ತ್ರಿ ಕಣ್ಣು ಮುಚ್ಚಿದ. ಗಾಳಿಯಲ್ಲಿ ಉಜ್ಜತೊಡಗಿದ.
"ಎಡ ಹೆಗಲು ಒಂದು ಬೆರಳು ತಗ್ಗು.
ಕುತ್ತಿಗೆಯಿಂದ ಒಳಗಿಳಿದ ಕಿಡಿಗಳ ಗುರುತು, ಎಳ್ಳು ಚೆಲ್ಲಿದ ಹಾಗೆ.
ಬೆನ್ನುಹುರಿ ನೆಟ್ಟಗಿಲ್ಲ, ಅರ್ಧದಲ್ಲಿ ಬಲಕ್ಕೆ ಹೊರಳತ್ತೆ.
ಇಲ್ಲಿ ಮೆಲ್ಲಗೆ.
ಇಲ್ಲಿ ಮುಟ್ಟಿದರೆ ಕಿಲಕಿಲ ನಗ್ತಿದ್ದ."

ನಗುತ್ತಿದ್ದನಾ?

ಗೆರೆ ಬಿಟ್ಟುಬಿಟ್ಟೆ.
ಅಂಚಿಲ್ಲದೆ ನೀರಿನಲ್ಲೇ ಮೈ ಕಟ್ಟುವುದಕ್ಕೆ
ಎಲುಬಿಲ್ಲದ ಬಗೆ ಅಂತ ಹೆಸರು;
ಬರೀ ಎಲುಬಾಗಿದ್ದ ಬೆನ್ನಿಗೆ ಅದನ್ನೇ ಹಿಡಿದೆ.
ಅವನ ಕೈ ಹೋದಲ್ಲಿ ನನ್ನ ಕುಂಚ,
ಅವನು ಒತ್ತಿದಲ್ಲಿ ದಟ್ಟ, ಸವರಿದಲ್ಲಿ ತೆಳು.
ಕಿಡಿಗಳಿಗೆ ಉಪ್ಪು ಉದುರಿಸಿದೆ;
ಮಸಿ ಬೆಚ್ಚಿ ಸರಿದು ಬಿಳಿ ಚುಕ್ಕೆ ಬಿಟ್ಟಿತು.
ನಗುತ್ತಿದ್ದ ಜಾಗ ಮಾತ್ರ ಎಲ್ಲೆಂದು ತಿಳಿಯದೆ
ಅಂಗೈಯಗಲ ಹಾಗೇ ಉಳಿಸಿದೆ.

ಕಷ್ಟ ಬಂದಾಗ ಬೆನ್ನು ತೋರಿಸಿದ ಗಂಡಸು
ಅಂತ ಅಮ್ಮ ಕೊನೆತನಕ ಬೈದಳು.
ತೋರಿಸಿರಲಿಲ್ಲ ಅಮ್ಮಾ, ನಮಗೆ.
ವಾರಕ್ಕೊಮ್ಮೆ, ಹತ್ತು ಯುವಾನ್ ಕೊಟ್ಟು,
ಬೋರಲು ಮಲಗಿ, ಇವನೊಬ್ಬನಿಗೆ.

ಒಳಗಿಂದ ಕೂಗು: ಹದಿನೇಳನೇ ನಂಬರು!
ಮೇಸ್ತ್ರಿ ಎದ್ದ. ಹಾಳೆಯನ್ನು ಒಂದು ಸಲ ನೋಡಿದ,
ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ, ಮುಟ್ಟಲಿಲ್ಲ.
ಪರದೆಯ ಹತ್ತಿರ, ತಿರುಗದೆಯೇ ಅಂದ:
"ಇನ್ನೂ ಸ್ವಲ್ಪ ಕೆಳಗೆ. ನಗ್ತಿದ್ದ ಜಾಗ."

ಹಬೆಯೊಳಗೆ ಹೋಗುತ್ತಿರುವ ಅವನನ್ನು ಆಗ ನೋಡಿದೆ.
ಬನಿಯನ್ನಿನ ಒಂದು ಪಟ್ಟಿ ತಿರುಚಿಕೊಂಡಿತ್ತು.
ತಟ್ಟೆಯಲ್ಲಿ ಮಸಿ ಇನ್ನೂ ಇತ್ತು.