ನಂಬರು ನಲವತ್ತೆಂಟು

ಬೀರುವಿನ ಕೀಲಿಕೈ ಕಳೆದು ಹನ್ನೊಂದು ವರ್ಷ.
ಸ್ಟೇಷನ್ ರೋಡಿನ ರಿಪೇರಿಯವ ಒಂದೇ ಏಟಿಗೆ ತೆರೆದ,
ನೂರಿಪ್ಪತ್ತು ರೂಪಾಯಿ, ರಸೀದಿ ಕೊಡಲಿಲ್ಲ.
ಒಳಗೆ ನುಸಿಗುಳಿಗೆಯ ಘಾಟು,
ಗೋಣಿತಾಟಿನಲ್ಲಿ ಸುತ್ತಿಟ್ಟ ಚಿತ್ರಗಳು, ನಲವತ್ತೇಳು.
ದಾಖಲೆ ಪುಸ್ತಕದಲ್ಲಿ ಯಾರದೋ ದುಂಡನೆಯ ಅಕ್ಷರ:
ಚಿತ್ರ, ಒಂದು. ಹೊಳೆ, ಹೆಂಗಸು. ಬರೆದವರು ತಿಳಿಯದು.
ಚಿತ್ರ, ಒಂದು. ಎಮ್ಮೆ. ಮೂಲೆಯಲ್ಲಿ ಗೆದ್ದಲು.

ರಾಯಚೂರಿನ ಏಪ್ರಿಲ್.
ಹತ್ತೂವರೆಗೇ ಚಿಲಕ ಮುಟ್ಟಿದರೆ ಕೈ ಚುರ್ ಅನ್ನುತ್ತದೆ.
ನಾನೂ ಜವಾನ ಹುಲಿಗೆಪ್ಪನೂ
ಓದುವ ಕೋಣೆಗೆ ಅಡ್ಡಡ್ಡ ಸುತಳಿ ಕಟ್ಟಿದೆವು.
ಬಟ್ಟೆ ಒಣಹಾಕುವ ಕ್ಲಿಪ್ಪು ನನ್ನ ಮನೆಯವೇ.
ಫ್ಯಾನು ಹಾಕಿದರೆ ಚಿತ್ರ ಹಾರಾಡುತ್ತವೆ,
ಆರಿಸಿದರೆ ಓದುಗರು ಎದ್ದು ಹೋಗುತ್ತಾರೆ.
ಕಡೆಗೆ ಫ್ಯಾನು ಎರಡರಲ್ಲಿಟ್ಟು
ಒಂದೊಂದರ ಕೆಳತುದಿಗೂ ಸೈಕಲ್ ನಟ್ಟು ಕಟ್ಟಿದ ಹುಲಿಗೆಪ್ಪ.

ಮೊದಲ ದಿನ ಯಾರೂ ತಲೆ ಎತ್ತಲಿಲ್ಲ.
ಪರೀಕ್ಷೆಯ ಹುಡುಗರು ಮಸ್ಕಿ ಶಾಸನ ಬಾಯಿಪಾಠ ಮಾಡುತ್ತ
ಮಸ್ಕಿ ಬಂಡೆಯ ಚಿತ್ರದ ಅಡಿಯಲ್ಲೇ ಕೂತಿದ್ದರು.
ದೊರೆಯ ಹೆಸರು ಅದರಲ್ಲಿದೆ, ಒಂದು ಅಂಕ;
ಉಳಿ ಹಿಡಿದವನ ಹೆಸರು ಸಿಲಬಸ್ಸಿನಲ್ಲಿಲ್ಲ.
ಎರಡನೆಯ ದಿನ ಗಂಜಿನ ಹಮಾಲರೊಬ್ಬರು
ಹೆಗಲ ಟವೆಲಿನಿಂದ ಕತ್ತು ಒರೆಸುತ್ತ ಎಮ್ಮೆಯ ಮುಂದೆ ನಿಂತು
"ಇದು ಗೊಡ್ಡು" ಅಂದರು.
ಹ್ಯಾಂಗ ಗೊತ್ತು ಅಂದೆ.
"ಬೆನ್ನು ನೋಡ್ರಿ. ಬರದಾತ ಸುಳ್ಳು ಬರದಿಲ್ಲ."

ಮೂರನೆಯ ದಿನ ಮಧ್ಯಾಹ್ನ ಬಂದವರಿಗೆ
ಬಿಳಿ ಟೋಪಿ, ತೋಳಿಗೆ ಕೊಡೆ, ಬಲಗೈಯಲ್ಲಿ ನಡುಕ.
ಕಾಟಿ ದರವಾಜದ ನೀರುಬಣ್ಣ ನೋಡಲಿಲ್ಲ,
ಹೊಳೆಯ ಹೆಂಗಸನ್ನೂ ನೋಡಲಿಲ್ಲ.
ಸುತಳಿಯ ಕೆಳಗೆ ತಲೆ ತಗ್ಗಿಸಿ ನಡೆದು
ಗೋಡೆಯ ಕೊನೆಗೆ, ನೀರಿನ ಫಿಲ್ಟರಿನ ಮೇಲೆ,
ದಿನಾ ನಾನು ನೋಡಿಯೂ ನೋಡದ ತಗಡಿನ ಮುಂದೆ ನಿಂತರು.
ನಿಶ್ಶಬ್ದ.
ಕೆಳಗೆ ಅದೇ ಮಾತು ಉರ್ದುವಿನಲ್ಲಿ.

ಹುಲಿಗೆಪ್ಪ ಕುರ್ಚಿ ಒಯ್ದ. ಕೂಡಲಿಲ್ಲ.
"ಶಕ್ಕ ಒತ್ತು ಕೊಟ್ಟ ಮ್ಯಾಲ ಜಾಗ ಸಾಲಲಿಲ್ಲ ನೋಡ್ರಿ,
ಬ್ದ ಒಂದೀಟು ಸಣ್ಣದಾತು. ಅವತ್ತೇ ಅನಸಿತ್ತು.
ಈಗ ಸರಿ ಮಾಡೋಣಂದ್ರ ಕೈ ನಿಲ್ಲಂಗಿಲ್ಲ."
ಹೆಸರು ಚಾಂದಪಾಶಾ.
ಹತ್ತಿ ಜಿನ್ನು, ಖಾನಾವಳಿ, ಹಲ್ಲಿನ ಡಾಕ್ಟರು, ಎರಡು ಟಾಕೀಜು,
ಸತ್ತವರ ಕಲ್ಲಿನ ಮೇಲಿನ ಇಸವಿ,
ಫ್ಲೆಕ್ಸು ಬರುವ ತನಕ ಊರು ಓದಿದ್ದೆಲ್ಲ ಅವರ ಕೈಯದಂತೆ.
"ಮೂರು ಲಿಪಿ ಬರೀತಿದ್ದೆ. ಓದಾಕ ಬರೋದು ಒಂದೇ."
ಯಾವುದ್ರಿ, ಅಂದೆ.
ನಕ್ಕರು, ಹೇಳಲಿಲ್ಲ.

ಅಷ್ಟರಲ್ಲಿ ಗೈಡಿನಿಂದ ಕಣ್ಣೆತ್ತದೆ ಒಬ್ಬ ಹುಡುಗ
"ಶ್ಶ್" ಅಂದ,
ಪೆನ್ನಿನ ತುದಿಯಿಂದ ಬೋರ್ಡು ತೋರಿಸಿದ.
ಚಾಂದಪಾಶಾ ಗಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದರು,
ಶಾಲೆಯ ಮಗುವಿನ ಹಾಗೆ.
ಆ ಕೈ ಮಾತ್ರ ಆಗ ಅಲುಗುತ್ತಿರಲಿಲ್ಲ.

ಸಂಜೆ ಎಲ್ಲ ಹೋದ ಮೇಲೆ
ದಾಖಲೆ ಪುಸ್ತಕದ ಕೊನೆಯ ಸಾಲಿನ ಕೆಳಗೆ ಬರೆದೆ:
ನಲವತ್ತೆಂಟು. ಬೋರ್ಡು, ಒಂದು. ತಗಡಿನ ಮೇಲೆ ಎನಾಮೆಲ್.
ಬ್ದ ಸಣ್ಣದು.
ಬರೆದವರು: ಚಾಂದಪಾಶಾ. ಕೂಡಿಸಿ ಬರೆಯಬೇಕೋ ಬಿಡಿಸಿಯೋ
ಕೇಳಲಿಲ್ಲ, ತಂದೆಯ ಹೆಸರೂ ಕೇಳಲಿಲ್ಲ.
ಬೆಲೆಯ ಕಾಲಮ್ಮು ಖಾಲಿ ಬಿಟ್ಟರೆ ಆಡಿಟ್ಟಿನವರು ಕೆಂಪು ಗೀಟು ಎಳೆಯುತ್ತಾರೆ.
ಮೆಟ್ಟಿಲಿಳಿಯುತ್ತ ಅವರು ಹೇಳಿದ್ದನ್ನೇ ಹಾಕಿದೆ:
ನಲವತ್ತು ರೂಪಾಯಿ.
ಅದರಲ್ಲಿ ಹತ್ತು ಬಾಕಿ.